ಅಣೆಕಟ್ಟಿನ ಸರ್‌ಎಂವಿ ಗೊತ್ತು, ಚರಂಡಿಯ ಸರ್‌ಎಂವಿ ಗೊತ್ತಾ?

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಅದೇ ಎರಡು ಮೂರು ಕಥೆ. ಸರ್ಕಾರದ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಓದಿಗೆ ಇನ್ನೊಂದು. ರೈಲಿನಲ್ಲಿ ಕೂತಿದ್ದವರು ಹಳಿಯ ಸದ್ದು ಬದಲಾದದ್ದನ್ನು ಕೇಳಿ ಚೈನ್ ಎಳೆದದ್ದು. ಜೊತೆಗೆ ಮೈಸೂರು ಪೇಟದ ಫೋಟೊ, ಕೆಆರ್‌ಎಸ್ ಫೋಟೊ, ಎಂಜಿನಿಯರ್ಸ್ ಡೇ ಶುಭಾಶಯ. ಯಾರೂ ಫಾರ್ವರ್ಡ್ ಮಾಡದ ಸಂಗತಿ ಒಂದಿದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯ ದಿವಾನರಾಗುವುದಕ್ಕೂ, ಕಾವೇರಿಗೆ ಅಡ್ಡ ಗೋಡೆ ಕಟ್ಟುವುದಕ್ಕೂ ಮೊದಲು ಮುಂಬೈ ಪ್ರಾಂತ್ಯದ ಸರ್ಕಾರದಲ್ಲಿ ಸ್ಯಾನಿಟರಿ ಎಂಜಿನಿಯರ್ ಆಗಿದ್ದರು. ಅಂದರೆ ಕುಡಿಯುವ ನೀರು ಎಲ್ಲಿಂದ ಬರಬೇಕು, ಬಳಸಿದ ನೀರು ಎಲ್ಲಿಗೆ ಹೋಗಬೇಕು ಎಂದು ಲೆಕ್ಕ ಹಾಕುವ ಕೆಲಸ. ಈಗಿನ ಭಾಷೆಯಲ್ಲಿ ಹೇಳಿದರೆ ಚರಂಡಿ ಎಂಜಿನಿಯರ್.

ಈ ವಿಷಯ ಈಗ ಯಾಕೆ? 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದಿವೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದವರು ಈಗ ಬೆಂಗಳೂರು ಪಶ್ಚಿಮ ನಗರ ಪಾಲಿಕೆಯವರು. ಹೊಸ ಬೋರ್ಡು, ಹೊಸ ಕಮಿಷನರ್, ಹೊಸ ಲೆಟರ್‌ಹೆಡ್. ಆದರೆ ಹಳೆಯ ಪ್ರಶ್ನೆ ಹಾಗೇ ಇದೆ: ಈ ಭಾಗದ ಕಸ ಮುಂದಿನ 30 ವರ್ಷ ಎಲ್ಲಿಗೆ ಹೋಗುತ್ತೆ? ಕೆಂಗೇರಿಗೂ ಉಲ್ಲಾಳಕ್ಕೂ ನಡುವೆ ಬಿಡಿಎ ಮಾಡಿದ ದೊಡ್ಡ ಬಡಾವಣೆಯೊಂದಕ್ಕೆ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ ಅಂತಲೇ ಹೆಸರು. ಹೆಸರು ತಗೊಂಡಿದ್ದೇವೆ. ಆ ಮನುಷ್ಯ ಕೆಲಸ ಮಾಡಿದ ರೀತಿ ತಗೊಂಡಿದ್ದೇವಾ?

ಮುದ್ದೇನಹಳ್ಳಿ ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಊರು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಹೆಸರಿನ ಮುಂದಿರುವ ಮೋಕ್ಷಗುಂಡಂ ಈಗಿನ ಆಂಧ್ರದಲ್ಲಿರುವ ಊರು, ಪೂರ್ವಿಕರು ಅಲ್ಲಿಂದ ಬಂದವರು. ಹುಡುಗನಿಗೆ ಮೀಸೆ ಮೂಡುವ ಮೊದಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. 1881ರಲ್ಲಿ ಬಿಎ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು, ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ, ಮರುವರ್ಷ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್. ಬಡತನ, ಓದು, ಸ್ಕಾಲರ್‌ಶಿಪ್, ಸರ್ಕಾರಿ ಕೆಲಸ: ಈ ಭಾಗ ನಮ್ಮ ಪಠ್ಯಪುಸ್ತಕಗಳಲ್ಲಿ ಚೆನ್ನಾಗಿಯೇ ಇದೆ, ಬಿಡಿ. ಪಠ್ಯಪುಸ್ತಕ ಓಡಿಸಿಬಿಡುವುದು ಆಮೇಲಿನ 25 ವರ್ಷವನ್ನು.

ಆ 25 ವರ್ಷದಲ್ಲಿ ಒಂದು ಜಾಗ ಸಕ್ಕರ್. ಈಗ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿದೆ, ಸಿಂಧೂ ನದಿಯ ದಡದಲ್ಲೇ ಇರುವ ಊರು. 1890ರ ದಶಕದಲ್ಲಿ ಅಲ್ಲಿನ ಮುನಿಸಿಪಾಲಿಟಿಗೆ ಕುಡಿಯುವ ನೀರಿನ ವ್ಯವಸ್ಥೆ ಬೇಕಿತ್ತು. ಎದುರಿಗೇ ಅಷ್ಟು ದೊಡ್ಡ ನದಿ, ಆದರೆ ನೀರೆಲ್ಲ ಕೆಸರು. ಸೋಸುವ ಫಿಲ್ಟರ್ ಬೆಡ್ ಕಟ್ಟುವಷ್ಟು ದುಡ್ಡು ಊರಿನ ಬಳಿ ಇರಲಿಲ್ಲ. ವಿಶ್ವೇಶ್ವರಯ್ಯ ನದಿಯ ಮರಳಿನ ತಳದಲ್ಲೇ ಬಾವಿ ತೆಗೆಸಿದರು. ಮರಳೇ ಫಿಲ್ಟರ್ ಆಯಿತು, ಜಿನುಗಿ ಬಂದ ತಿಳಿನೀರನ್ನು ಪಂಪ್ ಮಾಡಿದರೆ ಸಾಕಾಯಿತು. ಎಂಜಿನಿಯರಿಂಗ್ ಓದಿದವನಾಗಿ ನನಗೆ ಅವರ ಕೆಲಸಗಳಲ್ಲಿ ತುಂಬ ಇಷ್ಟವಾಗುವುದು ಇದೇ, ಕೆಆರ್‌ಎಸ್ ಅಲ್ಲ. ಊರಿನ ಜೇಬು ನೋಡಿ ಮಾಡಿದ ಡಿಸೈನ್ ಅದು. ಮೊದಲು ಟೆಂಡರ್, ಆಮೇಲೆ ಅಗತ್ಯ ಹುಡುಕುವ ಕ್ರಮ ಆಗ ಇರಲಿಲ್ಲ ಅಂತಲ್ಲ, ಅವರದ್ದು ಹಾಗಿರಲಿಲ್ಲ ಅಷ್ಟೇ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಮರುವರ್ಷ ಪುಣೆ ತತ್ತರಿಸಿತು. 1898ರಲ್ಲಿ ಅದೇ ರೋಗ ರೈಲು ಹಿಡಿದು ಬೆಂಗಳೂರಿಗೂ ಬಂತು. ನಗರಗಳು ಕಸ, ಕೊಳಚೆ, ಇಕ್ಕಟ್ಟು ಮನೆಗಳ ಬಗ್ಗೆ ಗಂಭೀರವಾಗಿ ಯೋಚಿಸತೊಡಗಿದ್ದು ಈ ಸಾವುಗಳ ಭಯದಿಂದ. ನಮ್ಮ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಹೊತ್ತಿನಲ್ಲೇ. ಅಗಲ ರಸ್ತೆ, ಗಾಳಿ ಬೆಳಕಿನ ಸೈಟು, ಮತ್ತು ಮನೆಗಳ ಹಿಂದೆ ಒಂದು ಕಿರಿದಾದ ಓಣಿ. ಅದನ್ನು ಕನ್ಸರ್ವೆನ್ಸಿ ಲೇನ್ ಅಂತಿದ್ದರು. ಮನೆಯ ಮಲ ಎತ್ತಿಕೊಂಡು ಹೋಗುವವರು ಮುಂಬಾಗಿಲ ಕಡೆ ಕಾಣಿಸಿಕೊಳ್ಳದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ ಅಂತ ಮಾಡಿದ ದಾರಿ. ಮಲ್ಲೇಶ್ವರದಲ್ಲಿ ಈಗ ಆ ಓಣಿಗಳಿಗೆ ಬಣ್ಣ ಹೊಡೆದು, ಚಿತ್ರ ಬರೆದು ಚೆಂದ ಮಾಡುತ್ತಾರೆ. ಒಳ್ಳೆಯದೇ. ಆದರೆ ನಕ್ಷೆಯ ಮೇಲೆ ಜಾತಿಯನ್ನು ಇಷ್ಟು ನೀಟಾಗಿ ಗೆರೆ ಎಳೆದು ತೋರಿಸಿದ ಪ್ಲಾನಿಂಗ್ ಬೇರೆಲ್ಲೂ ಸಿಗಲಿಕ್ಕಿಲ್ಲ. ಬೆಂಗಳೂರಿನ ಆ ನಕ್ಷೆಗೆ ವಿಶ್ವೇಶ್ವರಯ್ಯ ಕಾರಣರಲ್ಲ, ಅವರಾಗ ಮುಂಬೈ ಪ್ರಾಂತ್ಯದ ನೌಕರಿಯಲ್ಲಿದ್ದರು. ಆದರೆ ಅವರು ಕೆಲಸ ಕಲಿತ ಕಾಲ ಅದು. ಆ ಓಣಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹೊಸ ಶತಮಾನದ ಆರಂಭದಲ್ಲಿ ಅವರು ಪ್ರಾಂತ್ಯದ ಸ್ಯಾನಿಟರಿ ಎಂಜಿನಿಯರ್ ಮತ್ತು ಸ್ಯಾನಿಟರಿ ಬೋರ್ಡಿನ ಸದಸ್ಯರಾದರು. ಆಗಿನ ಮುಂಬೈ ಪ್ರಾಂತ್ಯ ಅಂದರೆ ಸಿಂಧ್‌ನಿಂದ ಹಿಡಿದು ನಮ್ಮ ಬೆಳಗಾವಿ, ಧಾರವಾಡ, ವಿಜಯಪುರದವರೆಗೆ. ಒಂದೊಂದೇ ಊರಿನ ನೀರು, ಚರಂಡಿಯ ಯೋಜನೆಗಳು ಅವರ ಮೇಜಿಗೆ ಬರುತ್ತಿದ್ದವು. ಪುಣೆ ಬಳಿಯ ಖಡಕ್‌ವಾಸ್ಲಾ ಕೆರೆಗೆ ನೀರಿನ ಮಟ್ಟ ಏರಿದರೆ ತಾನಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಕೂರಿಸಿದ್ದೂ ಇದೇ ಕಾಲದಲ್ಲಿ, 1903ರ ಹೊತ್ತಿಗೆ. 1906ರಲ್ಲಿ ಅವರನ್ನು ಏಡನ್‌ಗೆ ಕಳಿಸಿದರು. ಅರಬ್ ನೆಲದ ತುದಿಯ ಆ ಬ್ರಿಟಿಷ್ ಸೇನಾ ನೆಲೆ ಆಗ ಮುಂಬೈ ಸರ್ಕಾರದ ಅಡಿಯಲ್ಲಿತ್ತು. ಮಳೆ ಇಲ್ಲದ ಊರು, ಸಮುದ್ರದ ನೀರನ್ನು ಕಾಯಿಸಿ ಇಳಿಸಿ ಕುಡಿಯುವ ಸ್ಥಿತಿ. ಒಳನಾಡಿನ ಲಹೇಜ್ ಎಂಬಲ್ಲಿ ಒಣಗಿದ ನದಿಯ ತಳದಡಿ ಇರುವ ನೀರನ್ನು ಹಿಡಿದು ತರುವ ದಾರಿ ತೋರಿಸಿದರು. ಊರಿನ ಕೊಳಚೆ ಹೊರಗೆ ಹೋಗುವ ದಾರಿಯೂ ಅದೇ ಕೆಲಸದ ಭಾಗವಾಗಿತ್ತು. ಒಳಗೆ ಬರುವ ನೀರು, ಹೊರಗೆ ಹೋಗುವ ನೀರು ಎರಡೂ ಒಂದೇ ಲೆಕ್ಕದ ಎರಡು ಬದಿ ಎನ್ನುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು.

ಬ್ರಿಟಿಷ್ ಆಡಳಿತದಲ್ಲಿ ಭಾರತೀಯನೊಬ್ಬ ಚೀಫ್ ಎಂಜಿನಿಯರ್ ಆಗುವುದು ಕಷ್ಟ ಅಂತ ಗೊತ್ತಾದ ಮೇಲೆ 1908ರಲ್ಲಿ ಕೆಲಸ ಬಿಟ್ಟು ವಿದೇಶ ಸುತ್ತಲು ಹೊರಟರು. ಆ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ಸತ್ತವರು ಸುಮಾರು 15 ಸಾವಿರ ಅಂತ ಲೆಕ್ಕ. ನಿಜಾಮರ ಸರ್ಕಾರ ಇವರನ್ನು ಕರೆಯಿತು. 1909ರಲ್ಲಿ ಅವರು ಅಲ್ಲಿ ಮಾಡಿದ ಮೊದಲ ಕೆಲಸ ಎಣಿಕೆ. ಮೂಸಿಯ ಜಲಾನಯನದಲ್ಲಿ ಎಷ್ಟು ಕೆರೆಗಳಿವೆ, ಎಷ್ಟು ಒಡೆದವು? 788 ಕೆರೆಗಳಲ್ಲಿ 221 ಒಡೆದಿದ್ದವು. ಆಮೇಲೆ ಪ್ರವಾಹ ತಡೆಯಲು ಊರಿನ ಮೇಲ್ಭಾಗದಲ್ಲಿ ಎರಡು ಜಲಾಶಯಗಳು ಬೇಕು ಎಂದರು. ಒಸ್ಮಾನ್ ಸಾಗರ್ 1920ರಲ್ಲಿ, ಹಿಮಾಯತ್ ಸಾಗರ್ 1927ರಲ್ಲಿ ಮುಗಿದವು. ಹೈದರಾಬಾದ್ ಅವರನ್ನು ನೆನೆಯುವುದು ಇವೆರಡಕ್ಕೆ. ಆದರೆ ಊರಿಗೆ ಒಳಚರಂಡಿ ಯೋಜನೆ ಕೊಡುವುದೂ ಅವರಿಗೆ ವಹಿಸಿದ ಕೆಲಸದ ಭಾಗವಾಗಿತ್ತು. ಅದು ಒಂದೇ ಏಟಿಗೆ ಆಗುವ ಕೆಲಸ ಆಗಿರಲಿಲ್ಲ. 1922ರಲ್ಲಿ ಒಮ್ಮೆ, 1930ರಲ್ಲಿ ಇನ್ನೊಮ್ಮೆ ಅದೇ ಊರಿಗೆ ಹೋಗಿ ಕೆಲಸ ಎಲ್ಲಿಗೆ ಬಂತು ಎಂದು ನೋಡಿ, ಮುಂದಿನ ಸಲಹೆ ಕೊಟ್ಟು ಬಂದರು. ಒಂದು ವರದಿ ಕೊಟ್ಟು 20 ವರ್ಷ ಆದ ಮೇಲೂ ಅದರ ಹಿಂದೆ ಬಿದ್ದ ಕನ್ಸಲ್ಟೆಂಟನ್ನು ನೀವು ಇತ್ತೀಚೆಗೆ ಎಲ್ಲಾದರೂ ನೋಡಿದ್ದೀರಾ?

ಇಲ್ಲಿ ಸ್ವಲ್ಪ ಟೆಕ್ನಿಕಲ್ ಮಾತು, ಕ್ಷಮಿಸಿ. ಒಳಚರಂಡಿ ಡಿಸೈನ್ ಮಾಡುವವರು ಇವತ್ತಿನ ಜನಸಂಖ್ಯೆಗೆ ಪೈಪ್ ಹಾಕುವುದಿಲ್ಲ. 30 ವರ್ಷದ ನಂತರ ಆ ಬೀದಿಯಲ್ಲಿ ಎಷ್ಟು ಜನ ಇರ್ತಾರೆ ಎಂದು ಅಂದಾಜು ಮಾಡಿ, ಒಬ್ಬೊಬ್ಬರಿಗೆ ಎಷ್ಟು ಲೀಟರ್ ನೀರು, ಅದರಲ್ಲಿ ಎಷ್ಟು ಪಾಲು ಕೊಳಚೆಯಾಗಿ ಹೊರಬರುತ್ತೆ ಎಂದು ಗುಣಿಸಿ, ಹೂಳು ಕೂರದಷ್ಟು ವೇಗದಲ್ಲಿ ಹರಿಯುವಂತೆ ಇಳಿಜಾರು ಕೊಡುತ್ತಾರೆ. ವಿಟಿಯು ಪರೀಕ್ಷೆಯಲ್ಲಿ ಇದು ಖಾಯಂ ಪ್ರಶ್ನೆ. ಘನತ್ಯಾಜ್ಯಕ್ಕೂ ನಿಯಮ ಹಾಗೇ ಇದೆ. 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ಕಸ ಹೂಳುವ ಜಾಗ ಕನಿಷ್ಠ 20–25 ವರ್ಷಕ್ಕೆ ಸಾಕಾಗುವಷ್ಟು ದೊಡ್ಡದಿರಬೇಕಿತ್ತು, ಜನವಸತಿಯಿಂದ 200 ಮೀಟರ್, ನದಿಯಿಂದ 100 ಮೀಟರ್ ದೂರ ಇರಬೇಕಿತ್ತು.

ಈಗ ನಮ್ಮ ಊರಿನ ಲೆಕ್ಕ ನೋಡಿ. ದಿನಕ್ಕೆ ಸುಮಾರು 5 ಸಾವಿರ ಟನ್ ಕಸ ಹುಟ್ಟುವ ನಗರ ಇದು. ಹೆಸರಘಟ್ಟ ಹೋಬಳಿಯ ಮಾವಳ್ಳಿಪುರದಲ್ಲಿ ಸುರಿದೆವು. ಊರಿನವರ ಹೋರಾಟದ ನಂತರ 2012ರಲ್ಲಿ ಅದು ನಿಂತಿತು. ಆ ವರ್ಷ ಬೀದಿ ಬೀದಿಯಲ್ಲಿ ಕಸದ ಗುಡ್ಡೆ ನೋಡಿದವರಿಗೆ ನೆನಪಿರುತ್ತೆ. ಮಂಡೂರಿಗೆ ಸುರಿದೆವು. 2014ರ ಕೊನೆಗೆ ಅದೂ ಮುಚ್ಚಿತು. ಆಗ ಅವಸರದಲ್ಲಿ ನಗರದ ಅಂಚಿನಲ್ಲಿ ಹಸಿ ಕಸದ ಘಟಕಗಳು ಎದ್ದವು. ಪಶ್ಚಿಮದ ಕಡೆ ಮಾಗಡಿ ರಸ್ತೆ ಭಾಗಕ್ಕೆ ಕನ್ನಹಳ್ಳಿ, ಸೀಗೇಹಳ್ಳಿ. ಬನಶಂಕರಿ 6ನೇ ಹಂತದ ಪಕ್ಕದಲ್ಲಿ ಲಿಂಗಧೀರನಹಳ್ಳಿ. ಅಲ್ಲಿ ಬಿಡಿಎ ಸೈಟ್ ಕೊಂಡು ಮನೆ ಕಟ್ಟಿದವರು ವಾಸನೆ ತಡೆಯಲಾರದೆ ಬೀದಿಗೆ ಬಂದರು, ಕೋರ್ಟಿಗೂ ಹೋದರು. ಇನ್ನೂ ವಿಚಿತ್ರ ಕನ್ನಹಳ್ಳಿ, ಸೀಗೇಹಳ್ಳಿಯದ್ದು. ಬಿಡಿಎ ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಗುರುತಿಸಿದ ಊರುಗಳ ಪಟ್ಟಿಯಲ್ಲೂ ಈ ಹೆಸರುಗಳಿವೆ. ಒಂದು ಸಂಸ್ಥೆ ಮನೆ ಕಟ್ಟಿ ಅಂತ ಸೈಟ್ ಹಂಚುತ್ತೆ, ಇನ್ನೊಂದು ಸಂಸ್ಥೆ ಅದೇ ಊರುಗಳಿಗೆ ಲಾರಿಗಟ್ಟಲೆ ಕಸ ಕಳಿಸುತ್ತೆ. ಎರಡೂ ಕಡೆ ಎಂಜಿನಿಯರುಗಳೇ ಇದ್ದಾರೆ, ಎರಡೂ ಕಡೆ ಗೋಡೆಯ ಮೇಲೆ ಸರ್‌ಎಂವಿ ಫೋಟೊ ಇರಲೂಬಹುದು. ನಕ್ಷೆಗಳು ಮಾತ್ರ ಒಂದೇ ಮೇಜಿನ ಮೇಲೆ ಬಂದಿಲ್ಲ.

ಮತ್ತೆ ಕಥೆಗೆ ಬರೋಣ. 1909ರ ನವೆಂಬರ್‌ನಲ್ಲಿ ಅವರು ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕೆಲಸ ಶುರು. ಆ ಕಥೆಯನ್ನು ಎಲ್ಲರೂ ಹೇಳಿದ್ದಾರೆ, ನಾನು ಹೇಳುವುದು ಆ ನೀರಿನ ಉಳಿದ ಪ್ರಯಾಣವನ್ನು. ಕೆಆರ್‌ಎಸ್‌ನಿಂದ ಬಿಟ್ಟ ಕಾವೇರಿ ಶಿವನಸಮುದ್ರದ ಬಳಿ ತಿರುಗಿ, ಪಂಪುಗಳ ಮೇಲೆ ಏರಿ, ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಬರುತ್ತೆ. ವಿಜಯನಗರದ ಮನೆಯ ಸಂಪಿಗೆ ಬೀಳುತ್ತೆ. ಬಚ್ಚಲಿಂದ, ಕಕ್ಕಸಿಂದ ಪೈಪಿಗೆ, ಪೈಪಿನಿಂದ ಸ್ವಲ್ಪ ಶುದ್ಧೀಕರಣ ಘಟಕಕ್ಕೆ, ಸ್ವಲ್ಪ ನೇರವಾಗಿ ವೃಷಭಾವತಿಗೆ. ಗಾಳಿ ಆಂಜನೇಯ ದೇವಸ್ಥಾನದ ಪಕ್ಕ ಹರಿದು, ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿ ಬಳಿಯ ಭೈರಮಂಗಲ ಕೆರೆ ಸೇರಿ, ಅರ್ಕಾವತಿಯಾಗಿ, ಕನಕಪುರದ ಆಚೆ ಸಂಗಮದಲ್ಲಿ ಮತ್ತೆ ಕಾವೇರಿಗೆ. ಅವರು ಶೇಖರಿಸಿದ ನೀರನ್ನೇ ನಾವು ಈ ದಾರಿಯಲ್ಲಿ ವಾಪಸ್ ಕಳಿಸುತ್ತಿದ್ದೇವೆ. ಅಣೆಕಟ್ಟಿಗೆ ಹಾರ ಹಾಕುವಾಗ ಈ ಉಳಿದ ಅರ್ಧವನ್ನು ಯಾರೂ ನೆನೆಯುವುದಿಲ್ಲ. ಏಡನ್‌ನ ಆ ಎಂಜಿನಿಯರ್‌ಗೆ ಇದು ಎರಡನೇ ಪುಟವೇ ಇಲ್ಲದ ಲೆಕ್ಕದ ಪುಸ್ತಕದ ಹಾಗೆ ಕಾಣುತ್ತಿತ್ತು.

1912ರಲ್ಲಿ ದಿವಾನರಾದರು. ಆರು ವರ್ಷ. ಮೈಸೂರು ಬ್ಯಾಂಕ್ 1913ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917ರಲ್ಲಿ. ಈ ಪಟ್ಟಿ ನಿಮಗೆ ಬಾಯಿಪಾಠ ಇರುತ್ತೆ. ಪಟ್ಟಿಗೆ ಸೇರದ ಒಂದು ವಿಷಯ: 1916ರಲ್ಲಿ ಗಿಲ್ಬರ್ಟ್ ಫೌಲರ್ ಎಂಬ ರಸಾಯನವಿಜ್ಞಾನಿ ಮ್ಯಾಂಚೆಸ್ಟರ್ ಬಿಟ್ಟು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಕೊಳಚೆ ನೀರಿಗೆ ಗಾಳಿ ಊದಿ ಸೂಕ್ಷ್ಮಜೀವಿಗಳಿಂದಲೇ ಶುದ್ಧ ಮಾಡಿಸುವ ಆಕ್ಟಿವೇಟೆಡ್ ಸ್ಲಡ್ಜ್ ವಿಧಾನ ಹುಟ್ಟಿದ್ದು ಅವರ ಬಳಗದಲ್ಲಿ, ಅದಕ್ಕೆ ಎರಡೇ ವರ್ಷ ಮೊದಲು. ಲೋಕದ ಕೊಳಚೆ ಘಟಕಗಳಲ್ಲಿ ಇವತ್ತಿಗೂ ಹೆಚ್ಚಾಗಿ ನಡೆಯುವುದು ಅದೇ ವಿಧಾನದ ಸಂತತಿ. ಆ ವಿದ್ಯೆ ಬೆಂಗಳೂರಿಗೆ ತಡವಾಗಿ ಬಂತು ಅಂತ ಯಾರೂ ನೆಪ ಹೇಳುವ ಹಾಗಿಲ್ಲ.

ದಿವಾನಗಿರಿ ಮುಗಿದ ರೀತಿ ಮಾತ್ರ ನಮ್ಮ ಎಂಜಿನಿಯರ್ಸ್ ಡೇ ಭಾಷಣಗಳಲ್ಲಿ ಬರುವುದೇ ಇಲ್ಲ. ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರದ್ದೇ ಮೇಲುಗೈ ಎಂಬ ದೂರು ಬಲವಾಗಿತ್ತು, ದೂರಿಗೆ ಆಧಾರವೂ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಹಿಂದುಳಿದವರಿಗೆ ಹುದ್ದೆಗಳಲ್ಲಿ ಪಾಲು ಕೊಡುವ ಈ ದಾರಿಯನ್ನು ವಿಶ್ವೇಶ್ವರಯ್ಯ ಒಪ್ಪಲಿಲ್ಲ. ಅರ್ಹತೆ, ದಕ್ಷತೆ ಅವರ ವಾದ. ಆ ವರ್ಷದ ಕೊನೆಗೆ ರಾಜೀನಾಮೆ. ಅವರ ಅಭಿಮಾನಿಗಳು ಇದನ್ನು ತತ್ವನಿಷ್ಠೆ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎಲ್ಲವನ್ನೂ ಎಣಿಸುತ್ತಿದ್ದ ಮನುಷ್ಯ ಯಾರು ಯಾವ ಬಾಗಿಲಿನಿಂದ ಒಳಗೆ ಬರಬಹುದು, ಯಾರು ಹಿಂದಿನ ಓಣಿಯಿಂದಲೇ ಬರಬೇಕು ಎಂಬುದನ್ನು ಎಣಿಸಲು ನಿರಾಕರಿಸಿದ ಗಳಿಗೆ ಅದು. ಹಳ್ಳಿಯ ಬಡ ಹುಡುಗ ವಿದ್ಯಾರ್ಥಿವೇತನದಿಂದ ಮೇಲೆ ಬಂದದ್ದು ನಿಜ. ಅದೇ ಹಳ್ಳಿಯ ಕೇರಿಯ ಹುಡುಗನಿಗೆ ಶಾಲೆಯ ಜಗಲಿಯೂ ಸಿಗುತ್ತಿರಲಿಲ್ಲ ಎನ್ನುವುದೂ ಅಷ್ಟೇ ನಿಜ. ಪೈಪಿನ ಅಡ್ಡಳತೆ, ಇಳಿಜಾರು, ವೆಚ್ಚ, ಬಡ್ಡಿ ಎಲ್ಲಕ್ಕೂ ಕಾಲಂ ಇದ್ದ ಕೋಷ್ಟಕದಲ್ಲಿ ಪೈಪ್ ಕಟ್ಟಿಕೊಂಡಾಗ ಒಳಗೆ ಇಳಿಯುವವರಿಗೆ ಕಾಲಂ ಇರಲಿಲ್ಲ.

ಆ ಕಾಲಂ ತೆರೆದವರು ಬೇರೆ. ಅದಕ್ಕೆ ಅರ್ಧ ಶತಮಾನ ಬೇಕಾಯಿತು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಅದೇ ಬಸವಲಿಂಗಪ್ಪ, 1973ರ ಬೂಸಾ ಗಲಾಟೆಯಲ್ಲಿ ಮಂತ್ರಿಗಿರಿ ಕಳೆದುಕೊಂಡವರು. ಸಾಹಿತ್ಯದ ಬಗ್ಗೆ ಆಡಿದ ಮಾತಿಗೆ ಇಡೀ ರಾಜ್ಯ ಹೊತ್ತಿಕೊಂಡಿತು, ಮಲದ ಬುಟ್ಟಿ ಇಳಿಸಿದ್ದಕ್ಕೆ ಯಾರೂ ಮೆರವಣಿಗೆ ಮಾಡಲಿಲ್ಲ. ಆಮೇಲೆ ಐಪಿಡಿ ಸಾಲಪ್ಪ ಸಮಿತಿಯ ವರದಿ 1976ರಲ್ಲಿ ಬಂತು. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಎಂದಿತು. ನೋಡಿ, ಇದು ಕೂಡ ಎಂಜಿನಿಯರಿಂಗ್ ಲೆಕ್ಕವೇ. ಸರ್ಕಾರ ಮುಂದೆ ಆ 500ನ್ನು 700 ಮಾಡಿತು, ಅಂದರೆ ಒಬ್ಬರ ಬೆನ್ನಿನ ಮೇಲೆ ಇನ್ನೂ 200 ಮನುಷ್ಯರ ಕಸ. ದಶಕಗಳ ಗುತ್ತಿಗೆ ಪದ್ಧತಿ, ಧರಣಿಗಳ ನಂತರ 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಆಟೊ ಟಿಪ್ಪರ್ ಓಡಿಸುವವರು, ಅದರ ಹಿಂದೆ ನಿಂತು ಕೈಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡುವವರು ಆ ಪಟ್ಟಿಯಲ್ಲಿ ಇರಲಿಲ್ಲ.

ರಾಜೀನಾಮೆಯ ನಂತರ ವಿಶ್ವೇಶ್ವರಯ್ಯ ಸುಮ್ಮನೆ ಕೂರಲಿಲ್ಲ. 1923ರಲ್ಲಿ ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ಮಲೆನಾಡಿನಲ್ಲಿ ಕಲ್ಲಿದ್ದಲು ಇರಲಿಲ್ಲ, ಸೌದೆಯ ಇದ್ದಿಲಿನಿಂದಲೇ ಕಬ್ಬಿಣ ಕರಗಿಸಬೇಕಿತ್ತು. ಸೌದೆ ಸುಟ್ಟಾಗ ಹೋಗುವ ಹೊಗೆಯನ್ನು ಸುಮ್ಮನೆ ಗಾಳಿಗೆ ಬಿಡುತ್ತಿರಲಿಲ್ಲ. ಅದನ್ನು ಹಿಡಿದು ತಣಿಸಿ ಮರದ ಮದ್ಯಸಾರ, ಸುಣ್ಣದ ಅಸಿಟೇಟ್, ಟಾರು ತೆಗೆಯುವ ದೊಡ್ಡ ಘಟಕ ಅಲ್ಲಿತ್ತು. ತ್ಯಾಜ್ಯದಿಂದ ಉತ್ಪನ್ನ ಅಂತ ಈಗ ಸ್ಟಾರ್ಟಪ್‌ಗಳು ಸ್ಲೈಡ್ ತೋರಿಸುವುದನ್ನು ಭದ್ರಾವತಿ 100 ವರ್ಷದ ಹಿಂದೆ ಮಾಡುತ್ತಿತ್ತು. ಕಾಡಿನ ಮೇಲೆ ಬಿದ್ದ ಏಟು ಬೇರೆ ಕಥೆ.

ಪಶ್ಚಿಮ ಬೆಂಗಳೂರಿನಲ್ಲಿ ಇದನ್ನೇ ಮಾಡುವವರು ಇದ್ದಾರೆ, ಆದರೆ ಅವರನ್ನು ಯಾರೂ ಉದ್ಯಮಿ ಅನ್ನುವುದಿಲ್ಲ. ನಾಯಂಡಹಳ್ಳಿ, ಗಂಗೊಂಡನಹಳ್ಳಿಯ ಸಂದಿಗಳಿಗೆ ಹೋಗಿ. ನಗರದ ಪ್ಲಾಸ್ಟಿಕ್ ಬಣ್ಣ ಬಣ್ಣವಾಗಿ ವಿಂಗಡಣೆಯಾಗಿ, ತೊಳೆದು, ಚೂರಾಗಿ, ಮತ್ತೆ ಕಚ್ಚಾವಸ್ತುವಾಗುವುದು ಅಲ್ಲಿನ ಸಣ್ಣ ಶೆಡ್ಡುಗಳಲ್ಲಿ. ಗುಜರಿ ಆಯುವವರು, ಗೋದಾಮಿನವರು, ಗ್ರೈಂಡರ್ ಓಡಿಸುವವರು: ಸರ್ಕಾರದ ಒಂದು ರೂಪಾಯಿ ಇಲ್ಲದೆ ಹುಟ್ಟಿದ ಮರುಬಳಕೆ ವ್ಯವಸ್ಥೆ. ಹಲವರು ಮುಸ್ಲಿಮರು, ದಲಿತರು, ವಲಸೆ ಬಂದವರು. ಹೊಗೆ, ಕೊಳಕು ನೀರಿನ ಸಮಸ್ಯೆ ಅಲ್ಲೂ ಇದೆ, ಮುಚ್ಚಿಡುವುದು ಬೇಡ. ಆದರೆ ಪಾಲಿಕೆಯ ನಕ್ಷೆಯಲ್ಲಿ ಇವರಿಗೊಂದು ಜಾಗ, ಒಳಚರಂಡಿ ಸಂಪರ್ಕ, ಲೈಸೆನ್ಸ್ ಕೊಡುವ ಬದಲು ಆಗಾಗ ನೋಟಿಸ್ ಕೊಡುವುದು ಸುಲಭದ ದಾರಿ. ಒಣ ಕಸ ಬೇರೆ ಮಾಡಿ ಕೊಡಿ ಅಂತ ಮನೆಯವರಿಗೆ ಹೇಳುವ ಪಾಲಿಕೆ ಆ ಒಣ ಕಸ ಕೊನೆಗೆ ತಲುಪುವ ಜಾಗವನ್ನು ಅಕ್ರಮ ಅಂತ ಕರೆದರೆ, ಲೆಕ್ಕ ಎಲ್ಲಿ ಕೂಡುತ್ತೆ?

1934ರಲ್ಲಿ ಅವರ ಪುಸ್ತಕ ಬಂತು, ಭಾರತಕ್ಕೆ ಯೋಜಿತ ಆರ್ಥಿಕತೆಯ ಬಗ್ಗೆ. ಸ್ವಾತಂತ್ರ್ಯಕ್ಕೆ 13 ವರ್ಷ ಮೊದಲೇ ಹತ್ತು ವರ್ಷದ ಯೋಜನೆ, ಅಷ್ಟರಲ್ಲಿ ರಾಷ್ಟ್ರದ ಆದಾಯ ದುಪ್ಪಟ್ಟು ಆಗಬೇಕೆಂಬ ಗುರಿ. ಪುಸ್ತಕದ ಭಾಷೆ ಒಣ. ಅಂಕಿ ಅಂಶ ಇಲ್ಲದೆ ಯೋಜನೆ ಇಲ್ಲ ಎಂಬ ಹಟ ಪುಟಪುಟದಲ್ಲಿ. ಗಾಂಧಿಯವರ ಹಳ್ಳಿ, ಚರಕದ ದಾರಿಗೂ ಇವರ ಕಾರ್ಖಾನೆ ದಾರಿಗೂ ಹೊಂದಿಕೆ ಆಗಲಿಲ್ಲ. ಆದರೆ ಒಂದು ವಿಷಯ ಗಾಂಧಿಗೆ ಕಂಡಿತ್ತು, ಇವರಿಗೆ ಕಾಣಲಿಲ್ಲ: ಕಕ್ಕಸು ತೊಳೆಯುವುದು ಯಾರು ಎಂಬ ಪ್ರಶ್ನೆ. ಆ ಪ್ರಶ್ನೆಗೆ ಗಾಂಧಿ ಕೊಟ್ಟ ಉತ್ತರವನ್ನು ಅಂಬೇಡ್ಕರ್ ಒಪ್ಪಲಿಲ್ಲ ಎನ್ನುವುದು ನಿಮಗೆ ಗೊತ್ತೇ ಇದೆ.

ಅದೇ ಹೊತ್ತಿಗೆ, 1933ರಲ್ಲಿ, ಮಾಗಡಿ ರಸ್ತೆಯ ಆಚೆ ಅರ್ಕಾವತಿ, ಕುಮುದ್ವತಿ ಕೂಡುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಮುಗಿಯಿತು. ಈ ಯೋಜನೆಯ ಜೊತೆಗೂ ವಿಶ್ವೇಶ್ವರಯ್ಯನವರ ಹೆಸರಿದೆ. ಕಾವೇರಿ ಬರುವ ತನಕ ಬೆಂಗಳೂರು ಬಾಯಾರಿಕೆ ನೀಗಿಸಿಕೊಂಡದ್ದು ಇದರಿಂದ, ಹೆಸರಘಟ್ಟದಿಂದ. ಸುಮಾರು 80 ವರ್ಷ ಕುಡಿದ ಮೇಲೆ 2012ರಲ್ಲಿ ಅಲ್ಲಿಂದ ನೀರು ತರುವುದು ನಿಂತಿತು. ಮೇಲ್ಭಾಗದ ಕೈಗಾರಿಕೆಗಳ, ಬಡಾವಣೆಗಳ ಹೊಲಸು, ಬತ್ತಿದ ಹರಿವು ಎರಡೂ ಸೇರಿ ಅದನ್ನು ಕುಡಿಯಲಾಗದ ನೀರು ಮಾಡಿದ್ದವು. ಜಲಾನಯನ ಉಳಿಸಲು 2003ರಲ್ಲಿ ಸರ್ಕಾರ ಆದೇಶ ಹೊರಡಿಸಿತ್ತು. ಆದೇಶ ಈಗಲೂ ಸುದ್ದಿಯಲ್ಲಿರುತ್ತೆ, ಪ್ರತಿ ಬಾರಿಯೂ ಅದನ್ನು ಸಡಿಲಿಸುವ ಕಾರಣಕ್ಕೆ.

ಇನ್ನೊಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. 1939ರಲ್ಲಿ ಇದೇ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮಣ್ಣು ಮೆತ್ತಿ ಮುಚ್ಚಿ, ತಿರುವದೆಯೇ ಕೆಲವು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಕಡಿಮೆ ನೀರು, ಕಡಿಮೆ ಕೂಲಿ. ಕೃಷಿ ಪಠ್ಯಗಳಲ್ಲಿ ಅದಕ್ಕೆ ಬೆಂಗಳೂರು ಪದ್ಧತಿ ಅಂತಲೇ ಹೆಸರು. ದೂರದ ದೇಶದ ವಿದ್ಯಾರ್ಥಿಗಳೂ ಬೆಂಗಳೂರು ಪದ್ಧತಿ ಅಂತ ಓದಿ ಪರೀಕ್ಷೆ ಬರೆಯುತ್ತಾರೆ. ಬೆಂಗಳೂರಿನಲ್ಲಿ ಬೆಂಗಳೂರು ಪದ್ಧತಿ ಯಾವುದು ಅಂತ ಕೇಳಿದರೆ ಕ್ವಾರಿಗೆ ಸುರಿಯುವುದು ಅನ್ನಬೇಕಾಗುತ್ತೆ.

ವಿಶ್ವೇಶ್ವರಯ್ಯ ತುಂಬ ಕಾಲ ಬದುಕಿದರು. 1955ರಲ್ಲಿ ಭಾರತ ರತ್ನ. 1960ರ ಸೆಪ್ಟೆಂಬರ್‌ನಲ್ಲಿ ಲಾಲ್‌ಬಾಗಿನಲ್ಲಿ ನಡೆದ ಶತಮಾನೋತ್ಸವಕ್ಕೆ ನೆಹರು ಬಂದಿದ್ದರು. ಅಷ್ಟರಲ್ಲಿ ನಗರ ಅವರ ಕಣ್ಣೆದುರೇ ಪಶ್ಚಿಮಕ್ಕೆ ಹಬ್ಬುತ್ತಿತ್ತು. ರಾಜಾಜಿನಗರಕ್ಕೆ 1949ರಲ್ಲೇ ಅಡಿಗಲ್ಲು ಬಿದ್ದಿತ್ತು, ಕೈಗಾರಿಕೆ ಮತ್ತು ಕಾರ್ಮಿಕರ ಮನೆಗಳು ಒಟ್ಟಿಗೆ ಇರುವ ಉಪನಗರವಾಗಿ. 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ಹುಟ್ಟೂರು ಮುದ್ದೇನಹಳ್ಳಿಯಲ್ಲಿ.

ಎರಡು ವರ್ಷದ ನಂತರ, 1964ರಲ್ಲಿ, ಬೆಂಗಳೂರು ಜಲಮಂಡಳಿ ಹುಟ್ಟಿತು. ಕುಡಿಯುವ ನೀರು, ಒಳಚರಂಡಿ ಅದರ ಪಾಲಿಗೆ. ಕಸ ಪಾಲಿಕೆಯಲ್ಲೇ ಉಳಿಯಿತು. ಹೊಸ ಬಡಾವಣೆ ಮಾಡುವ ಕೆಲಸ 1976ರಲ್ಲಿ ಬಿಡಿಎಗೆ ಹೋಯಿತು. ಕಸಕ್ಕೆಂದೇ 2021ರಲ್ಲಿ ಬೇರೆ ಕಂಪನಿ ಆಯಿತು. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಕಸದ ಬಳಕೆದಾರ ಶುಲ್ಕವನ್ನೂ ಕಟ್ಟುತ್ತಿದ್ದೇವೆ. ಪಶ್ಚಿಮ ಪಾಲಿಕೆಗೆ ಚುನಾವಣೆ ನಡೆದಾಗ ಮತ ಕೇಳಲು ಬರುವವರ ಬಳಿ ಒಂದು ಕಾಗದ ಕೇಳಿ: ನಮ್ಮ ವಾರ್ಡಿನಲ್ಲಿ ಈಗ ಎಷ್ಟು ಟನ್, 2055ಕ್ಕೆ ಎಷ್ಟು ಟನ್, ಅದಕ್ಕೆ ಎಲ್ಲಿ ಜಾಗ, ಎಷ್ಟು ದುಡ್ಡು, ಎಷ್ಟು ಜನ, ಅವರ ಸಂಬಳ ಎಷ್ಟು. ಕೊನೆಯ ಎರಡು ಸಾಲು ಸರ್‌ಎಂವಿ ವರದಿಗಳಲ್ಲಿ ಸಿಗುವುದಿಲ್ಲ, ನಾವೇ ಸೇರಿಸಬೇಕು.

ಈ ನಡುವೆ ಬಿಡದಿಯಲ್ಲಿ ಬೆಂಗಳೂರಿನ ಕಸ ಸುಟ್ಟು ವಿದ್ಯುತ್ ಮಾಡುವ 11.5 ಮೆಗಾವ್ಯಾಟ್ ಘಟಕ ಎದ್ದಿದೆ. ವೃಷಭಾವತಿ ಹೋಗಿ ಸೇರುವ ಭೈರಮಂಗಲ ಕೆರೆಯೂ ಅದೇ ಬಿಡದಿ ಹೋಬಳಿಯಲ್ಲಿದೆ. ಅದನ್ನು 1940ರ ದಶಕದಲ್ಲಿ ಕಟ್ಟಿದ್ದು ಸುತ್ತಲಿನ ಹೊಲಗಳಿಗೆ ನೀರು ಕೊಡಲು. ಈಗ ಅಲ್ಲಿ ನೊರೆ ಏಳುತ್ತೆ, ರೈತರು ಆ ನೀರಿನಲ್ಲೇ ಮೇವು ಬೆಳೆದು ಹಸುಗಳಿಗೆ ಹಾಕುತ್ತಾರೆ, ಹಾಲು ಬೆಳಗಿನ ಹೊತ್ತಿಗೆ ಮೈಸೂರು ರಸ್ತೆ ಹಿಡಿದು ನಗರಕ್ಕೆ ಬರುತ್ತೆ.